ಇಲಿ ಕಡಿದ ಕೇಬಲ್ಲು ಮತ್ತು ನನ್ನ ಬಿಎಸ್ಸಿ

ನಮ್ಮ ಹಿತ್ತಲಿನ ಹೀರೆ ಚಪ್ಪರದ ಒಂದು ಮೂಲೆಯ ಗೂಟಕ್ಕೆ ಬಾಳೆನಾರಿನ ಬದಲು ಬೂದು ಬಣ್ಣದ ಚಪ್ಪಟೆ ಪಟ್ಟಿಯೊಂದನ್ನು ಸುತ್ತಿ ಕಟ್ಟಿದೆ. ಕಟ್ಟಿದ್ದು ಅವ್ವಿ, ನನ್ನ ತಾಯಿ. ಬಾಳೆನಾರು ಒಂದು ಮಳೆಗೇ ಕೊಳೆಯುತ್ತದೆ, ಇದು ಐದು ಮಳೆಗಾಲ ಕಂಡರೂ ಹಾಗೇ ಇದೆ ಎಂದು ಅವಳು ಬಂದವರಿಗೆಲ್ಲ ತೋರಿಸುತ್ತಾಳೆ. ಅದು ಹಗ್ಗವಲ್ಲ, ಕಂಪ್ಯೂಟರಿನ ಡೇಟಾ ಕೇಬಲ್ಲಿನ ತುಂಡು, ಅದರೊಳಗೆ ಕೂದಲಿನಂಥ ತಂತಿಗಳಿವೆ, ಅವುಗಳಲ್ಲಿ ಅಕ್ಷರಗಳು ಓಡಾಡುತ್ತವೆ ಎಂದು ನಾನು ಒಮ್ಮೆ ಬಿಡಿಸಿ ಹೇಳಿದ್ದೆ. ಅವಳು ಪೂರ್ತಿ ಕೇಳಿಸಿಕೊಂಡು, ಈಗ ಹೀರೆಬಳ್ಳಿಯನ್ನು ಹಿಡಿದು ನಿಲ್ಲಿಸಿದೆಯಲ್ಲ, ಅದೂ ಕೆಲಸವೇ ಎಂದಳು. ಮೊನ್ನೆ ಹೀರೆಕಾಯಿ ಕೊಯ್ಯಲು ಹೋದಾಗ ಆ ಪಟ್ಟಿಯ ಮೇಲೆ ಕೈ ಬಿತ್ತು. ಬಿಸಿಲಿಗೆ ಬಣ್ಣ ಬಿಳಿಚಿಕೊಂಡಿದೆ. ಕಾಯಿ ಕೊಯ್ಯುವುದನ್ನು ಬಿಟ್ಟು ಅಲ್ಲೇ ಸ್ವಲ್ಪ ಹೊತ್ತು ನಿಂತುಬಿಟ್ಟೆ.

ನಮ್ಮ ಮನೆಯಲ್ಲಿ ಹಗ್ಗಕ್ಕಿದ್ದ ಮರ್ಯಾದೆ ಮಕ್ಕಳಿಗೆ ಇರಲಿಲ್ಲ. ಅಂಕೋಲೆಯ ಹತ್ತಿರ ನಮ್ಮೂರಿನಲ್ಲಿ ಅಪ್ಪನಿಗೆ ಒಂದು ತುಂಡು ಗಜನಿ ಗದ್ದೆ. ಗಜನಿ ಎಂದರೆ ಸಮುದ್ರದ ಉಪ್ಪುನೀರು ಹಳ್ಳದ ಮೂಲಕ ಏರಿ ಬಂದು ಹೋಗುವ ತಗ್ಗಿನ ಗದ್ದೆ. ಮಳೆಗಾಲದಲ್ಲಿ ಒಂದೇ ಬೆಳೆ. ಅದನ್ನು ಕೊಯ್ದು ಮುಗಿಸಿದ ಮೇಲೆ ಅಪ್ಪ ಕಾರವಾರದ ಬೈತಖೋಲ ಬಂದರಿಗೆ ಕೂಲಿಗೆ ಹೋಗುತ್ತಿದ್ದ. ಟ್ರಾಲರುಗಳ ಹರಿದ ಬಲೆ ಹೆಣೆಯುವುದು, ಹಗ್ಗ ಜೋಡಿಸುವುದು ಅವನ ಕೆಲಸ. ಹೀಗಾಗಿ ಬಾವಿಯ ಹಗ್ಗವಿರಲಿ, ಎತ್ತಿನ ಹಗ್ಗವಿರಲಿ, ಬಟ್ಟೆ ಒಣಗಿಸುವ ಹುರಿಯಿರಲಿ, ಎಲ್ಲಾದರೂ ಒಂದು ತಿರುಚು ಕಂಡರೆ ಅವನಿಗೆ ಊಟ ಸೇರುತ್ತಿರಲಿಲ್ಲ. ತಿರುಚಿದ್ದನ್ನು ಬಿಡಿಸಬೇಕು, ನೆಟ್ಟಗೆ ಮಾಡಬೇಕು, ಸುತ್ತಿ ಗೂಟಕ್ಕೆ ಹಾಕಬೇಕು. ನಾನು ಬಿಂದಿಗೆ ಎತ್ತಿ ಸೊಂಟಕ್ಕಿಟ್ಟುಕೊಂಡು ಹೊರಟರೆ ಹಿಂದಿನಿಂದ ಅವನ ದನಿ ಬರುತ್ತಿತ್ತು. ಬಿಂದಿಗೆ ಇಳಿಸಿ, ಬಾವಿಕಟ್ಟೆಗೆ ಮರಳಿ, ಹಗ್ಗ ಬಿಡಿಸಿಟ್ಟು ಬರಬೇಕು. ಶಾಲೆಗೆ ಹೋಗುವಾಗ ನನ್ನ ಜಡೆಯ ರಿಬ್ಬನ್ ತಿರುಚಿಕೊಂಡಿದ್ದರೆ ಅದನ್ನೂ ಬಿಡಿಸಿ ಕಟ್ಟಿಸುತ್ತಿದ್ದ. ಬೇರೆ ಮಕ್ಕಳ ಬೆರಳು ಮಗ್ಗಿ ಎಣಿಸಲು ಕಲಿತರೆ ನನ್ನ ಬೆರಳು ಮೊದಲು ಕಲಿತದ್ದು ಬಿಡಿಸುವುದನ್ನು. ಈಗಲೂ ಯಾರದ್ದಾದರೂ ಮನೆಗೆ ಹೋದರೆ ಅವರ ಇಸ್ತ್ರಿಪೆಟ್ಟಿಗೆಯ ವೈರನ್ನು ಮಾತಾಡುತ್ತ ಮಾತಾಡುತ್ತ ಬಿಡಿಸಿಟ್ಟು ಬರುತ್ತೇನೆ.

ನಾನು ಬಿಎಸ್ಸಿ. ಇದನ್ನು ಹೀಗೆ ನಡುವೆ ತಂದು ಹೇಳುವುದು ಜಂಬ ಎಂದು ನಿಮಗೆ ಅನಿಸಿದರೆ ಅನಿಸಲಿ. ಜಂಬವೇ. ನಮ್ಮ ಕುಟುಂಬದಲ್ಲಿ ನನಗಿಂತ ಮೊದಲು ಏಳನೆಯ ತರಗತಿ ದಾಟಿದವರಿರಲಿಲ್ಲ. ಬೆಳಗಿನ ಬಸ್ಸಿಗೆ ಅಂಕೋಲೆಯಿಂದ ಕಾರವಾರಕ್ಕೆ ಹೋಗಿ, ಸಂಜೆಯ ಬಸ್ಸಿಗೆ ಬಂದು, ಮಧ್ಯದ ಘಟ್ಟದ ತಿರುವುಗಳಲ್ಲಿ ಒಂದು ಕೈಯಿಂದ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ಮೂರು ವರ್ಷ ಓದಿದೆ. ಮೂರಲ್ಲ, ಮೂರೂವರೆ. ಗಣಿತ ಒಮ್ಮೆ ಕೈ ಕೊಟ್ಟಿತು. ಕಡೆಗೂ ಫಿಸಿಕ್ಸ್, ಗಣಿತ, ಎಲೆಕ್ಟ್ರಾನಿಕ್ಸ್ ತೆಗೆದುಕೊಂಡು ಸೆಕೆಂಡ್ ಕ್ಲಾಸಿನಲ್ಲಿ ಪಾಸಾದೆ. ಗೌನು ತೊಟ್ಟು ತೆಗೆಸಿಕೊಂಡ ಫೋಟೋ ನಮ್ಮ ಮನೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ಇದೆ. ಅವ್ವಿ ಹಬ್ಬದ ದಿನ ಮರೆತು ಅದಕ್ಕೂ ಹೂವು ಏರಿಸುತ್ತಾಳೆ.

ಪಾಸಾದ ವಾರವೇ ಪಕ್ಕದ ಮನೆಯ ತಿಮ್ಮಕ್ಕ ಕೆಟ್ಟ ಟಾರ್ಚೊಂದನ್ನು ತಂದು ನನ್ನ ಮುಂದಿಟ್ಟಳು. ಅವಳ ಹಿಂದೆಯೇ ಒಂದು ರೇಡಿಯೋ ಬಂತು, ಒಂದು ಮಿಕ್ಸರ್ ಬಂತು. ಅರೆವಾಹಕದಲ್ಲಿ ಇಲೆಕ್ಟ್ರಾನು ಹೇಗೆ ಓಡುತ್ತದೆ ಎಂಬುದನ್ನು ನಾನು ಚಿತ್ರಸಮೇತ ನಾಲ್ಕು ಪುಟ ಬರೆಯಬಲ್ಲವಳಾಗಿದ್ದೆ. ತಿಮ್ಮಕ್ಕನ ಟಾರ್ಚಿನಲ್ಲಿ ಅದು ಏಕೆ ಓಡುತ್ತಿಲ್ಲ ಎಂಬುದು ಮಾತ್ರ ಹೊಳೆಯಲಿಲ್ಲ. ಮೂರನ್ನೂ ಬಿಚ್ಚಿದೆ. ಮೂರನ್ನೂ ಮೊದಲಿದ್ದ ಹಾಗೆ ಜೋಡಿಸಲು ಆಗಲಿಲ್ಲ. ಬಿಎಸ್ಸಿ ಓದಿದ್ದಂತೆ, ಟಾರ್ಚಿನ ಬೆಳಕು ಬರಿಸಲಿಕ್ಕೆ ಆಗುವುದಿಲ್ಲವಂತೆ ಎಂಬ ಮಾತು ಕೇರಿಯಲ್ಲಿ ಸುತ್ತಿತು. ಅಪ್ಪ ಅದನ್ನು ಕೇಳಿಸಿಕೊಂಡೂ ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಗ್ಗ ತಿರುಚಿದರೆ ಅಷ್ಟು ಮಾತಾಡುವವನು ಇದಕ್ಕೆ ಒಂದು ಮಾತೂ ಆಡಲಿಲ್ಲವಲ್ಲ ಎಂಬುದು ನನಗೆ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ಉಳಿಯಿತು.

ಆಮೇಲೆ ನಾನು ಓದಿದ ಕಾಲೇಜಿನಲ್ಲೇ ಕಂಪ್ಯೂಟರ್ ಲ್ಯಾಬಿನಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತು. ಬಾಗಿಲು ತೆಗೆಯುವುದು, ಧೂಳು ಒರೆಸುವುದು, ಹುಡುಗರು ಕಿತ್ತ ಕೀಬೋರ್ಡಿನ ಕೀಲಿಗಳನ್ನು ಮತ್ತೆ ಕೂರಿಸುವುದು. ಎರಡು ಸಾವಿರದ ಮೂರರ ಸುಮಾರು. ಒಂದು ದಿನ ಸಸ್ಯಶಾಸ್ತ್ರದ ಬೋರ್ಕರ ಸರ್ ಒಂದು ಬಿಸ್ಕತ್ತಿನ ಡಬ್ಬಿ ಮತ್ತು ಹಳೆ ಲುಂಗಿಯಲ್ಲಿ ಸುತ್ತಿದ ಗಂಟೊಂದನ್ನು ತಂದು ಲ್ಯಾಬಿನ ಮೇಜಿನ ಮೇಲಿಟ್ಟರು. ಡಬ್ಬಿಯ ತಳದಲ್ಲಿ ತೇವ ಹಿಡಿಯದಿರಲೆಂದು ಹುರಿದ ಅಕ್ಕಿ, ಅದರ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಹನ್ನೆರಡು ಫ್ಲಾಪಿಗಳು. ಈಗಿನ ಗಟ್ಟಿ ಚೌಕದ ಫ್ಲಾಪಿಗಳಲ್ಲ. ಅಂಗೈಗಿಂತ ದೊಡ್ಡ, ಹಿಡಿದರೆ ಹಪ್ಪಳದಂತೆ ಬಾಗುವ ಹಳೆಯ ಕಾಲದವು. ಗಂಟಿನಲ್ಲಿದ್ದದ್ದು ಅವನ್ನು ಓದುವ ಡ್ರೈವು. ಇಟ್ಟಿಗೆಯಷ್ಟು ದಪ್ಪ, ಇಟ್ಟಿಗೆಯಷ್ಟೇ ಭಾರ.

ಸರ್ ಹದಿನೈದು ವರ್ಷ ನಮ್ಮ ಕಡೆಯ ಗಜನಿ ಗದ್ದೆಗಳನ್ನು ಸುತ್ತಿದವರು. ಉಪ್ಪುನೀರು ತಡೆಯುವ ಕಗ್ಗ ಭತ್ತ, ಅದರ ಜೊತೆ ಬೆಳೆಯುವ ಕಳೆ, ಯಾವ ಊರಿನವರು ಯಾವ ಕಳೆಗೆ ಏನೆನ್ನುತ್ತಾರೆ, ಎಲ್ಲವನ್ನೂ ರೈತರ ಬಾಯಿಂದ ಕೇಳಿ ಬರೆದುಕೊಂಡು, ತಮ್ಮ ಹಳೆಯ ಕಂಪ್ಯೂಟರಿನಲ್ಲಿ ತಾವೇ ಒಂದೊಂದು ಬೆರಳಿನಲ್ಲಿ ಕುಟ್ಟಿ ತುಂಬಿದ್ದರು. ಅದರ ಮೇಲೆಯೇ ಅವರ ಪಿಎಚ್‌ಡಿ. ಪ್ರಬಂಧದ ಉಳಿದ ಅಧ್ಯಾಯಗಳು ತಯಾರಾಗಿದ್ದವು. ಪಟ್ಟಿಗಳು ಕಾಗದದಲ್ಲಿ ಹೇಗೂ ಇವೆಯಲ್ಲ ಎಂದು ಕೋಡಿಬಾಗದ ತಮ್ಮ ಮನೆಯ ಅಟ್ಟ ಹತ್ತಿ ನೋಡಿದರೆ ಕಾಗದದ ಜಾಗದಲ್ಲಿ ಗೆದ್ದಲಿನ ಮಣ್ಣು ಮಾತ್ರ ಇತ್ತು. ಕಂಪ್ಯೂಟರ್ ಕಾಳಿ ನದಿಯ ಮೇಲಿಂದ ಬೀಸುವ ಉಪ್ಪುಗಾಳಿಗೆ ಒಳಗೇ ತುಕ್ಕು ತಿಂದು ಸತ್ತು ವರ್ಷಗಳಾಗಿದ್ದವು. ಉಳಿದದ್ದು ಈ ಡ್ರೈವು ಮತ್ತು ಈ ಹನ್ನೆರಡು ಹಪ್ಪಳ. ಪ್ರಬಂಧ ಒಪ್ಪಿಸಲು ಎರಡು ಸಲ ಅವಧಿ ಮುಂದೂಡಿಸಿಕೊಂಡಾಗಿತ್ತು. ಮೂರನೆಯ ಸಲ ಇಲ್ಲವೆಂದು ಪತ್ರ ಬಂದಿತ್ತು. ಇನ್ನು ಮೂರು ವಾರ.

ಡ್ರೈವನ್ನು ಲ್ಯಾಬಿನ ಕಂಪ್ಯೂಟರಿಗೆ ಜೋಡಿಸಿದರೆ ಕೆಲಸ ಆಗಬೇಕಿತ್ತು. ಜೋಡಿಸುವ ಕೇಬಲ್ಲೇ ಇರಲಿಲ್ಲ. ಇದ್ದದ್ದನ್ನು ಇಲಿ ನಡುವೆ ಕಡಿದು ಮೂರು ತುಂಡು ಮಾಡಿತ್ತು. ಲ್ಯಾಬಿನಲ್ಲಿದ್ದ ಹೊಸ ಕೇಬಲ್ಲುಗಳ ತುದಿ ಈ ಹಳೆಯ ಡ್ರೈವಿನ ಹಲ್ಲಿಗೆ ಹೊಂದುತ್ತಿರಲಿಲ್ಲ. ಪೇಟೆಯ ಅಂಗಡಿಯವನು ನೋಡಿ, ಈ ತುದಿ ಈಗ ಹುಬ್ಬಳ್ಳಿಯಲ್ಲೂ ಇಲ್ಲ, ಮುಂಬಯಿಯಿಂದ ತರಿಸಿದರೆ ಒಂದು ತಿಂಗಳು ಎಂದ. ಸರ್ ಮರಳಿ ಬಂದು ನನ್ನೆದುರು ಕೂತರು. ನನ್ನನ್ನು ಕೇಳಲೆಂದು ಕೂತದ್ದಲ್ಲ. ಕೂರಲಿಕ್ಕೆ ಬೇರೆ ಜಾಗ ಇರಲಿಲ್ಲ. ನನ್ನ ಬಾಯಿ ಮಾತ್ರ ಸುಮ್ಮನಿರಲಿಲ್ಲ.

"ನಾನು ಮಾಡಿಕೊಡ್ತೇನೆ ಸರ್" ಎಂದೆ.

ಹೇಳಿದ ಮೇಲೆ ತಿಮ್ಮಕ್ಕನ ಟಾರ್ಚು ನೆನಪಾಯಿತು.

ಕೇಬಲ್ಲು ಎಂದರೆ ಮೂವತ್ತನಾಲ್ಕು ಸಣ್ಣ ತಂತಿಗಳು ಚಾಪೆಯ ಕಡ್ಡಿಗಳಂತೆ ಒತ್ತೊತ್ತಾಗಿ ಮಲಗಿರುವ ಪಟ್ಟಿ. ಎರಡೂ ತುದಿಗೆ ಬಾಚಣಿಗೆಯಂಥ ಕಪ್ಪು ತುಂಡುಗಳು. ಬಾಚಣಿಗೆಗೆ ಸೂಜಿಯಷ್ಟು ಮೊನೆಯ ಹಲ್ಲುಗಳು. ಪಟ್ಟಿಯನ್ನು ಹಲ್ಲಿನ ಮೇಲಿಟ್ಟು ಮೇಲಿನ ಮುಚ್ಚಳವನ್ನು ಒತ್ತಿದರೆ ಒಂದೊಂದು ಹಲ್ಲೂ ಒಂದೊಂದು ತಂತಿಯ ಸಿಪ್ಪೆ ಸೀಳಿ ಒಳಗಿನ ತಾಮ್ರವನ್ನು ಮುಟ್ಟಬೇಕು. ಇಲಿ ತಿಂದದ್ದು ಪಟ್ಟಿಯನ್ನು. ಬಾಚಣಿಗೆಗಳಿಗೆ ಏನೂ ಆಗಿರಲಿಲ್ಲ. ಅವನ್ನು ಅವ್ವಿ ಕಸ ಗುಡಿಸುವ ಹಿಡಿಸೂಡಿಯ ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿ ಬಿಡಿಸಿದೆ. ಹೊಸ ಪಟ್ಟಿಗೆ ಲ್ಯಾಬಿನ ಮೂಲೆಯಲ್ಲಿ ಬಿದ್ದಿದ್ದ ಹಾರ್ಡ್ ಡಿಸ್ಕಿನ ಕೇಬಲ್ಲು ಸಿಕ್ಕಿತು. ಅದರಲ್ಲಿ ನಲವತ್ತು ತಂತಿ. ಆರನ್ನು ಸುಲಿದು ತೆಗೆದರೆ ಮೂವತ್ತನಾಲ್ಕು. ಬಸಳೆ ಸೊಪ್ಪಿನ ನಾರು ತೆಗೆದ ಹಾಗೆ ಸುಲಿದೆ.

ಹಳೆಯ ಪಟ್ಟಿಯನ್ನು ಬಿಡಿಸುವಾಗ ಡ್ರೈವಿನ ತುದಿಯ ಹತ್ತಿರ ಒಂದು ವಿಚಿತ್ರ ಕಂಡಿತು. ನಡುವಿನ ಕೆಲವು ತಂತಿಗಳು ಉಳಿದವುಗಳಿಂದ ಬೇರೆಯಾಗಿ, ಅಡ್ಡ ತಿರುಗಿ, ಮತ್ತೆ ಸಾಲಿಗೆ ಸೇರಿಕೊಂಡಿದ್ದವು. ನೋಡಿದ ಕೂಡಲೇ ಮೈ ಉರಿಯಿತು. ಎಂಥ ಬೇಜವಾಬ್ದಾರಿ ಜನ, ತಿರುಚಿಕೊಂಡದ್ದನ್ನು ಹಾಗೇ ಇಟ್ಟು ಒತ್ತಿಬಿಟ್ಟಿದ್ದಾರೆ ಅನಿಸಿತು. ನಾನು ಮಾಡುವುದರಲ್ಲಿ ಅಂಥ ಹೊಲಸು ಇರಬಾರದು. ಹೊಸ ಪಟ್ಟಿಯನ್ನು ಮೊಣಕಾಲಿನ ಮೇಲೆ ಹಾಸಿ, ಅಂಗೈಯಿಂದ ತೀಡಿ, ಒಂದು ತಂತಿಯೂ ಅತ್ತಿತ್ತ ಆಗದಂತೆ ನೆಟ್ಟಗೆ ಮಾಡಿದೆ.

ಒತ್ತುವುದು ಹೇಗೆ ಎಂಬುದು ಮುಂದಿನ ಪ್ರಶ್ನೆ. ಸುತ್ತಿಗೆಯಿಂದ ಬಡಿದರೆ ಹಲ್ಲು ಒಂದು ಕಡೆ ಮೊದಲು ಇಳಿದು ಮುರಿಯುತ್ತದೆ. ಎರಡೂ ಕಡೆಯಿಂದ ಒಂದೇ ಸಮನೆ ಬಿಗಿಯಬೇಕು. ಬೈತಖೋಲದಲ್ಲಿ ಅಪ್ಪ ಬಲೆ ಹೆಣೆಯುವ ಜಾಗದ ಹಿಂದೆಯೇ ದತ್ತಾ ಮಾಮನ ಎಂಜಿನ್ ರಿಪೇರಿ ಶೆಡ್ಡು. ಅಲ್ಲಿ ಹಿಡಿಕೆ ತಿರುಗಿಸಿ ಬಿಗಿಯುವ ಕಬ್ಬಿಣದ ದೊಡ್ಡ ವೈಸು ಇತ್ತು. ನಾನು ಪರ್ಸಿನಿಂದ ಬಾಚಣಿಗೆ ತೆಗೆದು ತೋರಿಸಿದಾಗ ದತ್ತಾ ಮಾಮ ಕನ್ನಡಕ ಏರಿಸಿ ನೋಡಿ, ಮೊದಲು ಕೊಂಕಣಿಯಲ್ಲಿ ನಕ್ಕು ಆಮೇಲೆ ಕನ್ನಡಕ್ಕೆ ಬಂದ.

"ಟ್ರಾಲರಿನ ಪಂಪು ಹಿಡಿಯೂ ವೈಸು ಇದು. ಇದ್ರಲ್ಲಿ ಬಂಗಡೆಯ ಮುಳ್ಳು ಹಿಡೀಬೇಕೇನು ಗೋ?"

ಎರಡು ಮರದ ಚೂರುಗಳ ನಡುವೆ ಬಾಚಣಿಗೆ ಇಟ್ಟು, ಹಿಡಿಕೆಯನ್ನು ಕೂದಲಷ್ಟು ಕೂದಲಷ್ಟು ತಿರುಗಿಸಿದ. ಮಳೆಯ ಮೊದಲ ಹನಿ ಒಣ ಎಲೆಗೆ ಬಿದ್ದಂಥ ಸಣ್ಣ ಸದ್ದುಗಳು ಬಂದವು. ಕೇಬಲ್ಲು ತಯಾರಾಯಿತು. ಎಷ್ಟು ನೆಟ್ಟಗಿತ್ತು ಎಂದರೆ ಹಿಡಿದು ಗೆರೆ ಎಳೆಯಬಹುದಿತ್ತು.

ಮರುದಿನ ಜೋಡಿಸಿ, ಸ್ವಿಚ್ ಹಾಕಿ, ಮೊದಲ ಫ್ಲಾಪಿ ತುರುಕಿದೆವು. ಡ್ರೈವಿನ ಕೆಂಪು ದೀಪ ಮಿಣುಕಲೂ ಇಲ್ಲ. ಡ್ರೈವು ಸಿಗುತ್ತಿಲ್ಲ ಎಂದು ಪರದೆಯ ಮೇಲೆ ಬಂತು. ಬಿಚ್ಚಿ ಹಾಕಿದೆ. ಮತ್ತೆ ಅದೇ. ಇಡೀ ಮಧ್ಯಾಹ್ನ ಅದೇ. ಸರ್ ಊಟಕ್ಕೂ ಹೋಗದೆ ಪಕ್ಕದಲ್ಲಿ ನಿಂತಿದ್ದರು. ಕಡೆಗೆ ನನ್ನ ಮುಖ ನೋಡಿ ಅವರೇ ನನ್ನನ್ನು ಸಮಾಧಾನ ಮಾಡತೊಡಗಿದರು.

"ಹೋಗಲಿ ಬಿಡು ಸುಮಿತ್ರಾ. ಪಿಎಚ್‌ಡಿ ಇಲ್ಲದೆಯೂ ಇಷ್ಟು ವರ್ಷ ಪಾಠ ಮಾಡಿದೆನಲ್ಲ."

ಅವರು ಹಾಗೆ ಹೇಳಿದ್ದು ಸುಳ್ಳು ಎಂದು ಇಬ್ಬರಿಗೂ ಗೊತ್ತಿತ್ತು. ಹದಿನೈದು ವರ್ಷ ಕೆಸರಿನಲ್ಲಿ ನಡೆದ ಕಾಲುಗಳು ಅವರವು. ಆಗಲೇ ಒಂದೂವರೆ ವಾರ ಕಳೆದಿತ್ತು.

ಸಂಜೆ ಬಸ್ಸು ಹತ್ತಿದೆ. ಬೈತಖೋಲದ ನಿಲ್ದಾಣದಲ್ಲಿ ಅಪ್ಪ ಹತ್ತಿದ. ನಮ್ಮಿಬ್ಬರದೂ ಯಾವಾಗಲೂ ಅದೇ ಬಸ್ಸು. ನನ್ನ ಪಕ್ಕ ಕೂತು, ಮುಖ ನೋಡಿ, ನನ್ನ ಮಡಿಲಿನ ಪ್ಲಾಸ್ಟಿಕ್ ಚೀಲಕ್ಕೆ ಕೈ ಹಾಕಿದ. ಇಲಿ ತಿಂದ ತುಂಡುಗಳು ಅದರಲ್ಲೇ ಇದ್ದವು. ಬಿಸಾಡಲು ಮನಸ್ಸು ಬಂದಿರಲಿಲ್ಲ. ಅಪ್ಪ ಡ್ರೈವಿನ ಕಡೆಯ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದ. ಬಲೆಯ ಕಣ್ಣು ನೋಡುವ ಹಾಗೆ ಹೆಬ್ಬೆರಳಿನಿಂದ ಸವರಿದ. ತುಟಿ ಅಲ್ಲಾಡಿಸುತ್ತ ಎಣಿಸಿದ. ಅಮದಳ್ಳಿ ದಾಟಿದರೂ ಎಣಿಸುತ್ತಲೇ ಇದ್ದ.

"ಏಳು" ಎಂದ.

"ಎಂತದು ಏಳು?"

"ತಿರುಗಿದ ಎಳೆ ಏಳು. ಇದು ತಾನಾಗೇ ಬಿದ್ದ ತಿರುಚು ಅಲ್ಲ ಮಗಾ. ತಾನಾಗೇ ಬಿದ್ರೆ ಇಡೀ ಪಟ್ಟಿ ತಿರುಗ್ತದೆ. ಇಲ್ಲಿ ಏಳನ್ನೇ ಲೆಕ್ಕ ಮಾಡಿ ಸೀಳಿದ್ರು, ಮಗಚಿದ್ರು, ಮತ್ತೆ ಸಾಲಿಗೆ ಕೂರ್ಸಿದ್ರು. ನೋಡು, ಸೀಳಿದ್ದು ಎಷ್ಟು ನೀಟ್ ಇದೆ. ಯಾರೋ ಬೇಕಂತ್ಲೇ ಮಾಡ್ದ ಕೆಲ್ಸ. ನೀ ಎಂತ ಮಾಡ್ದೆ?"

"ನೆಟ್ಟಗೆ ಮಾಡ್ದೆ."

"ಯಾರ್ ಹೇಳಿದ್ರು ನೆಟ್ಟಗೆ ಮಾಡೂಕೆ?"

"ನೀನೇ."

ಅಪ್ಪ ನನ್ನ ಮುಖ ನೋಡಿದ. ಅವನು ನಗುವುದು ಅಪರೂಪ. ಅವತ್ತು ಮುಂದಿನ ಸೀಟಿನ ಹೆಂಗಸರು ತಿರುಗಿ ನೋಡುವ ಹಾಗೆ ನಕ್ಕ. ಬಲೆಯಲ್ಲೂ ಒಂದೊಂದು ಕಡೆ ಬೇಕೆಂದೇ ಎಳೆ ದಾಟಿಸುತ್ತಾರಂತೆ, ಆ ತಿರುವನ್ನು ಕೈಯಲ್ಲಿ ಮುಟ್ಟಿದರೆ ತಿಳಿಯುತ್ತದಂತೆ. ಅದನ್ನು ನನಗೇಕೆ ಮೊದಲೇ ಹೇಳಲಿಲ್ಲ ಎಂದರೆ, ಬಿಡಿಸುವುದು ಗಟ್ಟಿಯಾಗಿ ಬಂದ ಮೇಲೆ ಹೇಳೋಣ ಎಂದು ಬಿಟ್ಟಿದ್ದನಂತೆ. ಅಷ್ಟರಲ್ಲಿ ನಾನು ಕಾಲೇಜು ಸೇರಿಬಿಟ್ಟೆನಂತೆ.

ಮರುದಿನ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆದವಳೇ ಒಂದು ಕಂಪ್ಯೂಟರಿನ ಮುಚ್ಚಳ ಬಿಚ್ಚಿದೆ. ಅದರ ಫ್ಲಾಪಿ ಕೇಬಲ್ಲಿನಲ್ಲಿ ಏಳು ತಂತಿ ತಿರುಗಿದ್ದವು. ಪಕ್ಕದ್ದನ್ನು ಬಿಚ್ಚಿದೆ. ಏಳು. ಲ್ಯಾಬಿನಲ್ಲಿದ್ದ ಅಷ್ಟೂ ಕಂಪ್ಯೂಟರುಗಳಲ್ಲಿ ಏಳೇಳು. ಒಂದು ವರ್ಷದಿಂದ ಆಗಾಗ ಮುಚ್ಚಳ ತೆಗೆದು ಅವುಗಳ ಒಳಗಿನ ಧೂಳನ್ನೂ ಒರೆಸುತ್ತಿದ್ದೆ. ಬಟ್ಟೆ ಹಿಡಿದ ನನ್ನ ಕೈ ಎಷ್ಟೋ ಸಲ ಆ ತಿರುವನ್ನು ಮುಟ್ಟಿರಬೇಕು. ಸದ್ಯ, ಅವನ್ನೆಲ್ಲ ನಾನು ಬಿಡಿಸಿಡಲಿಲ್ಲ ಎಂಬುದೇ ಕಾಲೇಜಿನ ಪುಣ್ಯ.

ಆಮೇಲೆ ಪುಸ್ತಕ ಹುಡುಕಿ ಅರ್ಥ ಮಾಡಿಕೊಂಡೆ. ಒಂದೇ ಕೇಬಲ್ಲಿಗೆ ಎರಡು ಡ್ರೈವು ಹಾಕುವುದುಂಟು. ಕಾರ್ಖಾನೆಯವರು ಎಲ್ಲ ಡ್ರೈವುಗಳಿಗೂ ಒಂದೇ ನಂಬರು ಕೊಟ್ಟು ಕಳಿಸುತ್ತಾರೆ, ಎರಡನೆಯದು ಎಂದು. ಇಬ್ಬರಿಗೂ ಒಂದೇ ಹೆಸರಾದರೆ ಕರೆದಾಗ ಯಾರು ಏಳಬೇಕು? ಅದಕ್ಕೇ ಈ ತಿರುವು. ತಿರುವಿನ ಆಚೆ ಇದ್ದವನು ಮೊದಲನೆಯವನು, ಈಚೆ ಇದ್ದವನು ಎರಡನೆಯವನು. ನನ್ನ ನೆಟ್ಟಗಿನ ಕೇಬಲ್ಲಿನಲ್ಲಿ ಕಂಪ್ಯೂಟರು ಮೊದಲನೆಯವನನ್ನು ಕರೆಯುತ್ತಲೇ ಇತ್ತು. ಇವನು ತನ್ನನ್ನಲ್ಲ ಎಂದು ತಣ್ಣಗೆ ಕೂತಿದ್ದ.

ಬಾಚಣಿಗೆಯನ್ನು ಎರಡನೆಯ ಸಲ ಬಿಡಿಸಬೇಕಾಯಿತು. ಅದನ್ನು ಮಾಡಿದವರು ಒಂದು ಸಲ ಒತ್ತಲಿಕ್ಕೆ ಮಾಡಿದ್ದು. ನಾವು ಮೂರನೆಯ ಸಲ ಒತ್ತುವವರು. ಹತ್ತನೆಯ ತಂತಿಯಿಂದ ಹದಿನಾರನೆಯದರ ತನಕ ಬ್ಲೇಡಿನಿಂದ ಸೀಳಿ, ಮಗಚಿ, ಸಾಲಿಗೆ ಕೂರಿಸಿ ದತ್ತಾ ಮಾಮನ ವೈಸಿಗೆ ಕೊಟ್ಟೆ. ಅಪ್ಪನೂ ಬಲೆ ಬಿಟ್ಟು ಬಂದು ನಿಂತಿದ್ದ. ಹಿಡಿಕೆ ತಿರುಗಿತು. ಸಣ್ಣ ಸದ್ದುಗಳ ನಡುವೆ ಒಂದು ಬೇರೆ ಸದ್ದು ಬಂತು. ದತ್ತಾ ಮಾಮ ಕೈ ತೆಗೆದ. ಒಂದು ಹಲ್ಲು ಮುರಿದು ನೆಲಕ್ಕೆ ಬಿದ್ದಿತ್ತು.

ಇನ್ನೊಂದು ಬಾಚಣಿಗೆ ಇಡೀ ಜಿಲ್ಲೆಯಲ್ಲಿರಲಿಲ್ಲ. ಅಪ್ಪ ಬಗ್ಗಿ ಆ ಹಲ್ಲನ್ನು ಹೆಕ್ಕಿ ಅಂಗೈಯಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದ. ಮೂರೂವರೆ ವರ್ಷ ಬಸ್ಸಿನಲ್ಲಿ ನಿಂತು ಓದಿದ್ದಕ್ಕೆ ಪರೀಕ್ಷೆ ಅಲ್ಲಿ, ಆ ಡೀಸೆಲ್ ವಾಸನೆಯ ಶೆಡ್ಡಿನಲ್ಲಿ ನಡೆಯಿತು ಎಂದು ನನಗೆ ಈಗಲೂ ಅನಿಸುತ್ತದೆ. ಲ್ಯಾಬಿನಿಂದ ತಂದಿದ್ದ ಮೀಟರ್ ತೆಗೆದೆ. ಡ್ರೈವು ಚೀಲದಲ್ಲೇ ಇತ್ತು. ಅದರ ಒಂದೊಂದು ಹಲ್ಲಿಗೂ ಮೀಟರಿನ ಕಡ್ಡಿ ಇಟ್ಟು ನೋಡುತ್ತ ಹೋದೆ. ಒಂದು, ಮೂರು, ಐದು, ಏಳು, ಹೀಗೆ ಬೆಸ ಸಂಖ್ಯೆಯವು ಅಷ್ಟೂ ಡ್ರೈವಿನ ಕಬ್ಬಿಣದ ಮೈಗೇ ಸೇರಿದ್ದವು. ಹದಿನೇಳು ತಂತಿಗಳು ಒಂದೇ ಕೆಲಸಕ್ಕೆ, ಕರೆಂಟನ್ನು ನೆಲಕ್ಕೆ ಹರಿಸುವ ಅರ್ಥಿಂಗಿಗೆ. ಸುದ್ದಿ ಒಯ್ಯುವುದು ಸಮ ಸಂಖ್ಯೆಯವು ಮಾತ್ರ. ಮುರಿದ ಹಲ್ಲನ್ನು ಎಣಿಸಿದೆ. ಇಪ್ಪತ್ತೊಂಬತ್ತು. ಮತ್ತೊಮ್ಮೆ ಎಣಿಸಿದೆ. ಇಪ್ಪತ್ತೊಂಬತ್ತೇ.

"ಅದು ಇಲ್ಲದಿದ್ರೂ ನಡೀತದೆ" ಎಂದೆ.

"ಖರೇ?" ಎಂದ ದತ್ತಾ ಮಾಮ.

"ಅಂಥವು ಇನ್ನೂ ಹದಿನಾರು ಇವೆ."

ಅಪ್ಪ ಮುರಿದ ಹಲ್ಲನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

ಮಧ್ಯಾಹ್ನ ಲ್ಯಾಬಿನಲ್ಲಿ ಸ್ವಿಚ್ ಹಾಕಿದಾಗ ಡ್ರೈವು ಮೊದಲು ಕೆಮ್ಮಿತು. ಆಮೇಲೆ ಕೆಂಪು ದೀಪ ಹೊತ್ತಿತು. ಕೊರ್ ಕೊರ್ ಎಂದು ಅದು ತೆಂಗಿನಕಾಯಿ ತುರಿಯುವಂತೆ ಸದ್ದು ಮಾಡತೊಡಗಿತು. ಪರದೆಯ ಮೇಲೆ ಒಂದರ ಕೆಳಗೆ ಒಂದು ಹೆಸರುಗಳು ಇಳಿದು ಬಂದವು. ಅಂಕೋಲೆಯ ಸುತ್ತಿನ ಊರುಗಳ ಹೆಸರುಗಳೇ ಫೈಲುಗಳ ಹೆಸರು. ನಮ್ಮೂರೂ ಇತ್ತು. ತೆರೆದರೆ ಪ್ರತಿ ಪದದ ಕೊನೆಯ ಅಕ್ಷರ ವಿಚಿತ್ರ ಚಿಹ್ನೆಯಾಗಿ ಕಾಣುತ್ತಿತ್ತು. ಆ ಹಳೆಯ ಬರಹದ ಪ್ರೋಗ್ರಾಮಿನ ಚಾಳಿ ಅದು. ಅದನ್ನು ಸರಿಪಡಿಸಲು ಹತ್ತು ಸಾಲಿನ ಪ್ರೋಗ್ರಾಮು ಬರೆದೆ. ಅದು ಮೊದಲ ಸಲಕ್ಕೇ ಓಡಿತು. ಜಂಬ ಎಂದು ಮೊದಲೇ ಹೇಳಿದ್ದೇನೆ.

ಸರ್ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಓದತೊಡಗಿದರು. ಒಂದು ಕಳೆಯ ಹೆಸರಿನ ಹತ್ತಿರ ನಿಂತು, ಇದನ್ನು ಹೇಳಿಕೊಟ್ಟ ಮುದುಕಿ ನನಗೆ ಮಜ್ಜಿಗೆ ಕೊಟ್ಟು, ಗದ್ದೆಯ ಕಳೆ ಕೀಳದೆ ಬರೆದುಕೊಳ್ಳುವವನನ್ನು ಇವತ್ತೇ ನೋಡಿದ್ದು ಎಂದು ಬೈದಿದ್ದಳು ಎಂದರು. ಆಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಹನ್ನೊಂದು ಫ್ಲಾಪಿಗಳು ಗಲಾಟೆಯಿಲ್ಲದೆ ಓದಿಕೊಟ್ಟವು. ಹನ್ನೆರಡನೆಯದು ಎರಡು ಸಲ ಹಟ ಮಾಡಿ ಮೂರನೆಯ ಸಲಕ್ಕೆ ಒಲಿಯಿತು. ಅದು ಮುಗಿದಾಗ ಸರ್ "ಜಾಲೆಂ ಗೋ, ಆಯ್ತು" ಎಂದು ಎರಡು ಭಾಷೆಯಲ್ಲಿ ಒಂದೇ ಮಾತು ಹೇಳಿ, ಅಲ್ಲಿ ತನಕ ನಿಂತೇ ಇದ್ದವರು ಕುರ್ಚಿಯಲ್ಲಿ ಕೂತರು.

ಪ್ರಬಂಧ ಕಡೆಯ ದಿನಕ್ಕೆ ಎರಡು ದಿನ ಮೊದಲೇ ಹೋಯಿತು. ಅದನ್ನು ಒಪ್ಪಿಸಿ ಬಂದ ದಿನ ಸರ್ ನನ್ನ ಕೈಯಲ್ಲಿ ಪೇಡೆಯ ಎರಡು ಪೊಟ್ಟಣ ಇಟ್ಟರು, ಒಂದು ನಿನಗೆ, ಒಂದು ವೈಸಿನವರಿಗೆ ಎಂದು. ನಾನು ಸಂಜೆ ಬೈತಖೋಲದಲ್ಲೇ ಬಸ್ಸು ಇಳಿದೆ. ಶೆಡ್ಡಿನ ಮುಂದೆ ಹಸಿರು ಬಲೆ ಹರಡಿಕೊಂಡಿತ್ತು. ಅಪ್ಪ ನನಗೆ ಬೆನ್ನು ಹಾಕಿ ಕೂತು ಹೆಣೆಯುತ್ತಿದ್ದ. ಸುತ್ತ ನಾಲ್ಕೈದು ಜನ ಬಲೆಯವರು, ಬಾಗಿಲಿಗೆ ಒರಗಿ ದತ್ತಾ ಮಾಮ. ಅಪ್ಪ ಕಥೆ ಹೇಳುತ್ತಿದ್ದ. ಇಷ್ಟು ವರ್ಷದಲ್ಲಿ ಅವನು ನಾಲ್ಕು ಜನರ ನಡುವೆ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಪೊಟ್ಟಣ ಹಿಡಿದು ಅಲ್ಲೇ ನಿಂತೆ. ದತ್ತಾ ಮಾಮ ನನ್ನನ್ನು ನೋಡಿದ. ನೋಡದವನ ಹಾಗೆ ಮುಖ ತಿರುಗಿಸಿದ.

ಅಪ್ಪನ ಕಥೆಯಲ್ಲಿ ಕಾಲೇಜಿನ ಕಂಪ್ಯೂಟರಿಗೆ ಯಾರಿಗೂ ತಿಳಿಯದ ಕಾಯಿಲೆ ಬಂದಿತ್ತು. ಸರ್ ಸೋತಿದ್ದರು, ಪೇಟೆಯ ಅಂಗಡಿಯವನು ಸೋತಿದ್ದ, ಮುಂಬಯಿಯವರಿಗೂ ಒಂದು ತಿಂಗಳು ಬೇಕಿತ್ತು. ಕಡೆಗೆ ತಾನು ಬಸ್ಸಿನಲ್ಲಿ ಕೂತು, ಎಳೆ ಎಣಿಸಿ, ಏಳನ್ನು ಮಗಚಬೇಕು ಎಂದು ಹೇಳಿದ ಮೇಲೆಯೇ ಅದು ಎದ್ದು ಕೂತದ್ದು. ಸಾಕ್ಷಿಗೆ ಜೇಬಿನಿಂದ ಮುರಿದ ಹಲ್ಲು ತೆಗೆದು ತೋರಿಸಿದ. ಅದು ಕೈಯಿಂದ ಕೈಗೆ ಹೋಯಿತು.

"ಹಂಗಾರೆ ನಿನ್ನ ಮಗಳು ಎಂತ ಮಾಡ್ತು?" ಎಂದು ಒಬ್ಬ ಕೇಳಿದ.

ಅಪ್ಪ ಬಲೆಯ ಒಂದು ಕಣ್ಣು ಪೂರ್ತಿ ಹೆಣೆದು, ಗಂಟು ಬಿಗಿದು, ಹಲ್ಲಿನಿಂದ ದಾರ ಕಡಿದ.

"ಅದು ಬಿಎಸ್ಸಿ ಅಲ್ದಾ" ಎಂದ. "ಒಂದ್ಸಲ ಹೇಳಿದ್ಕೇ ತಿಳ್ಕಂತು."